ಬದುಕಿ ಬಂದಿದ್ದಕ್ಕೆ

"ಟೇಪ್ ಹಾಕಿದ್ರೂ ನಿಲ್ತಿಲ್ಲಮ್ಮ," ಎನ್ನುತ್ತ ಮಗಳು ಹೆಣವಾಗಿ ಮಲಗಿದ್ದ ಅಪ್ಪನ ಅಂಗಿಯ ಮೇಲೆ ಆ ಬಿಲ್ಲೆಯನ್ನು ಮತ್ತೊಮ್ಮೆ ಒತ್ತಿ ಹಿಡಿದಳು. ಅದಕ್ಕೆ ಪಿನ್ನೂ ಇಲ್ಲ, ಕೊಂಡಿಯೂ ಇಲ್ಲ. ಯುದ್ಧ ಮುಗಿದು ನಲವತ್ತು ವರ್ಷದ ಮೇಲೆ ಸರ್ಕಾರಕ್ಕೆ ನೆನಪಾಗಿ, ಬದುಕುಳಿದ ಸೈನಿಕರನ್ನೆಲ್ಲ ಕರೆದು ಕೊಟ್ಟ ಸ್ಮರಣ ಪದಕ.

"ಬಿಡೇ, ಇಲ್ಲಿ ಕೊಡು," ಎಂದು ತಾಯಿ ಈಸಿಕೊಂಡಳು.

ಬೀದಿಯವರ ಪಾಲಿಗೆ ಸತ್ತವನು ನಲ್ಲಿ ರಿಪೇರಿಯವನು. ಪಕ್ಕದ ಮನೆಯಾಕೆ ಮೂಗೊರೆಸಿಕೊಂಡು, "ನಮ್ಮ ಅಡುಗೆಮನೆ ನಲ್ಲಿ ನಾಳೆ ನೋಡ್ತೀನಿ ಅಂದಿದ್ರು. ಪಾಪ, ಒಂದು ದಿನಾನೂ ಜೋರಾಗಿ ಮಾತಾಡಿದವರಲ್ಲ," ಎಂದಳು.

ಜೋರು ಹಾಗಿರಲಿ, ಮೆಲ್ಲಗಾದರೂ ಆಡಿದ್ದರೆ ಸಾಕಿತ್ತು. ನಿದ್ದೆಯಲ್ಲಿ "ಅವನನ್ನ ಬಿಟ್ಟು ಬರಲ್ಲ" ಎಂದು ಬಿಕ್ಕುತ್ತಿದ್ದ. ಯಾರನ್ನು ಎಂದು ಹೆಂಡತಿ ಕೇಳಿದರೆ, "ಹೇಳ್ತೀನಿ, ತಾಳು." ಅವಳು ತಾಳಿಕೊಂಡಿರುವಾಗಲೇ ಮಗಳು ಹುಟ್ಟಿ, ಬೆಳೆದು, ಮದುವೆಯಾಗಿ ಹೋದಳು.

*

ಪದಕ ಕೊಟ್ಟ ದಿನ ಸಂಜೆ ಮನೆಗೆ ಬಂದವನೇ ಅದನ್ನು ವಾಷರುಗಳ ಡಬ್ಬಿಗೆ ಹಾಕಿದ್ದ.

"ಏನು ಮಾಡಿದ್ದಕ್ಕೆ ಕೊಟ್ರು?"

"ಬದುಕಿ ಬಂದಿದ್ದಕ್ಕೆ."

"ಬರದೇ ಇದ್ದವರಿಗೆ?"

ಅವನು ಊಟ ಬಿಟ್ಟು ಎದ್ದುಹೋದ. ಅಂದಿನಿಂದ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಹಾಳಾದ್ದು, ಅವತ್ತೇ ಕೈಹಿಡಿದು ಕೂರಿಸಿ ಕೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

*

ಹೆಣದ ಗಾಡಿ ಬರುವ ಹೊತ್ತಿಗೆ ಕೋಲೂರಿಕೊಂಡು ಒಬ್ಬ ಮುದುಕ ಬಂದ. "ಇವರ ತುಕಡಿಯವನೇ ನಾನು," ಎಂದ. ಅವಳಿಗೆ ಹೋದ ಜೀವ ಬಂದಂತಾಯಿತು. ಒಳಕೋಣೆಗೆ ಕರೆದೊಯ್ದು ಕುರ್ಚಿ ಹಾಕಿದಳು.

"ಅಣ್ಣಾ, ಅಲ್ಲಿ ಏನಾಯ್ತು? ಇವರು ಯಾರಿಗೋಸ್ಕರ ಅಳ್ತಿದ್ರು? ಎಂಥದೇ ಇರಲಿ, ಹೇಳಿಬಿಡಿ."

ಮುದುಕ ತಲೆ ತಗ್ಗಿಸಿದ. "ನಾನು ಕೊನೇ ವಾರ ಸೇರಿದವನು ತಾಯಿ. ಅಷ್ಟೊತ್ತಿಗೆ ಎಲ್ಲಾ ಮುಗಿದಿತ್ತು. ಮುಂಚೆ ಇದ್ದವರಲ್ಲಿ ಬದುಕಿ ಬಂದವರು ಇವರೊಬ್ಬರೇ."

"ಹಾಗಾದ್ರೆ ಇನ್ಯಾರನ್ನ ಕೇಳಲಿ?"

ಅವನಿಗೆ ಏನಾದರೂ ಕೊಡಬೇಕು ಅನ್ನಿಸಿತೇನೋ, ಜೇಬಿನಿಂದ ತನ್ನ ಬಿಲ್ಲೆ ತೆಗೆದು ಅವಳ ಅಂಗೈಯಲ್ಲಿದ್ದುದರ ಪಕ್ಕ ಇಟ್ಟ. "ನನಗೂ ಇದನ್ನೇ ಕೊಟ್ರು," ಎಂದ.

ಹೊರಗೆ ಹೆಣ ಎತ್ತುವ ಗದ್ದಲ ಕೇಳಿ ಅವಳು ದಡಬಡಿಸಿ ಎದ್ದಳು. ಎರಡೂ ಬಿಲ್ಲೆ ಜಾರಿ ಮಂಚದಡಿ ಉರುಳಿದವು. ಮುದುಕ ಬಗ್ಗಲಾರ. ಅವಳೇ ತಡಕಿ ತೆಗೆದು, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅದೇ ಬಾವುಟ, ಅದೇ ಇಸವಿ. ಹೆಸರಿಲ್ಲ.

"ನಿಮ್ಮದು ಯಾವುದಣ್ಣಾ?"

ಮುದುಕ ಎರಡನ್ನೂ ಬೆಳಕಿಗೆ ಹಿಡಿದು ನೋಡುತ್ತಲೇ ನಿಂತ.

"ಅಮ್ಮಾ, ಬೇಗ ಬಾ," ಎಂದು ಮಗಳು ಕೂಗಿದಳು. ಅವಳು ಕೈಗೆ ಸಿಕ್ಕಿದ ಒಂದನ್ನು ಕಸಿದುಕೊಂಡು ಓಡಿ, ಗಂಡನ ಅಂಗೈಯಲ್ಲಿಟ್ಟು ಬೆರಳು ಮಡಚಲು ನೋಡಿದಳು. ಬೆರಳು ಬಗ್ಗಲಿಲ್ಲ.