ಮಾವನ ದನಿಯ ಡಿಸ್ಕ್

ಭೀಮೇಶ ತಾನು ವಿಡಿಯೊ ತುಂಬಿಸಿದ ಡಿಸ್ಕನ್ನು ಸಿದ್ದಾಪುರದಲ್ಲಿ ಎತ್ತಿ ಹಿಡಿದರೆ, ಅದರ ಹೊಳಪಿಗೆ ಲಾಲ್‌ಬಾಗಿನ ಹಕ್ಕಿಗಳೆಲ್ಲ ಬೆಳಗಾಯಿತೆಂದು ಎದ್ದು ಕೂಗುತ್ತಿದ್ದವಂತೆ. ಹೇಳುತ್ತಿದ್ದವನು ಭೀಮೇಶನೇ.

ನಂಬಿದವರು ಅವನ ಸೋದರತ್ತೆ ಅಂಕಮ್ಮ ಒಬ್ಬರೇ. ಮಗಳು ಮೈತ್ರಿಯ ಮದುವೆಯಲ್ಲಿ ಅಂಕಮ್ಮನವರ ಗಂಡ ಉಗ್ರಪ್ಪ ಮೈಕ್ ಹಿಡಿದು ಹಾಡಿದ್ದ ಎಚ್‌ಡಿ ವಿಡಿಯೊ ಕ್ಯಾಮೆರಾ ಕಾರ್ಡಿನಲ್ಲಿತ್ತು. ಉಗ್ರಪ್ಪ ತೀರಿಹೋದ ಮೇಲೆ, ಟಿವಿಯಲ್ಲಿ ನೋಡುವ ಹಾಗೆ ಮಾಡಿಕೊಡೆಂದು ಅವರು ಆ ಕಾರ್ಡನ್ನು ಭೀಮೇಶನ ಕೈಗಿಟ್ಟು ಎಂಟು ತಿಂಗಳಾಗಿತ್ತು. "ಫಾರ್ಮ್ಯಾಟ್ ಆರ್ಸೋದೇ ಒಂದು ತಪಸ್ಸು ಅತ್ತೆ" ಎನ್ನುತ್ತಲೇ ಅವನು ದಿನ ತಳ್ಳಿದ್ದ.

ವರ್ಷದ ತಿಥಿಯ ದಿನ ನೆಂಟರೆಲ್ಲ ಟಿವಿ ಮುಂದೆ ಕೂತರು. ಭೀಮೇಶ ಡಿಸ್ಕ್ ಹಾಕಿದ. ಪರದೆ ಅಮಾವಾಸ್ಯೆಗಿಂತ ಕಪ್ಪಗಿತ್ತು.

"ಇದು ಬ್ಲೂ-ರೇ ಕ್ವಾಲಿಟಿ. ಈ ಡಿವಿಡಿ ಪ್ಲೇಯರ್‌ಗೆ ಇದನ್ನ ಓದೋ ಯೋಗ್ಯತೆ ಇಲ್ಲ!" ಎಂದ ಭೀಮೇಶ.

ಮೈತ್ರಿ ಡಿಸ್ಕ್ ತೆಗೆದು ಕಿಟಕಿಯ ಬೆಳಕಿಗೆ ತಿರುಗಿಸಿದಳು. "ಬಾವ, ಡಿಸ್ಕಿಗೆ ವಿಡಿಯೊ ಬರ್ನ್ ಮಾಡಿದ್ರೆ ಹಿಂದೆ ಬಳೆ ಥರ ಬಣ್ಣ ಬದ್ಲಾಗಿರುತ್ತೆ. ಇದು ಹೊಸಾ ಕನ್ನಡಿ ಥರ ಇದೆ. ನಿಮ್ಮ ಮುಖ ಬಿಟ್ರೆ ಇದ್ರಲ್ಲಿ ಇನ್ನೇನೂ ಕಾಣಲ್ಲ."

ಎಲ್ಲರೂ ನಕ್ಕರು. ಅಂಕಮ್ಮ ನಗಲಿಲ್ಲ. "ಸುಮ್ನಿರೇ, ಪ್ಲೇಯರ್ದೇ ತಪ್ಪಿರ್ಬೇಕು. ಹಳೇದಲ್ವಾ" ಎಂದು ಸೆರಗಿನಿಂದ ಅದರ ಧೂಳು ಒರೆಸತೊಡಗಿದರು.

ಭೀಮೇಶನಿಗೆ ಅದನ್ನು ನೋಡಲಾಗಲಿಲ್ಲ. ತಲೆ ತಗ್ಗಿಸಿಕೊಂಡೇ ಪರ್ಸಿನಿಂದ ಆ ಕ್ಯಾಮೆರಾ ಕಾರ್ಡ್ ತೆಗೆದು ಅವರ ಕೈಗಿಟ್ಟ.

"ಪ್ಲೇಯರ್ ಸರಿಯಾಗೇ ಇದೆ ಅತ್ತೆ. ನಾನು ಜನ್ಮದಲ್ಲಿ ಒಂದು ಡಿಸ್ಕೂ ಬರ್ನ್ ಮಾಡಿಲ್ಲ. ಡಿವಿಡಿಗೂ ಬ್ಲೂ-ರೇಗೂ ಏನು ವ್ಯತ್ಯಾಸ ಅಂತ್ಲೂ ಗೊತ್ತಿಲ್ಲ. ಅಂಗಡೀಲಿ ಕೇಳಕ್ಕೆ ನಾಚಿಕೆ ಆಯ್ತು. ಮಾವ ಹಾಡಿದ್ದು ಇದ್ರಲ್ಲಿ ಹಾಗೇ ಇದೆ."