ಗಾಳಿ ಎಣಿಸುವ ತಂತಿ

ತುಕ್ರಣ್ಣ ಮೂವತ್ತೆರಡು ವರ್ಷ ಬೇರೆಯವರ ಬಸ್ಸುಗಳ ಅಡಿಯಲ್ಲಿ ಮಲಗಿ ಎದ್ದವರು. ಉಡುಪಿಯ ಒಂದು ಸರ್ವಿಸ್ ಬಸ್ಸಿನ ಕಂಪನಿಗೆ ಕ್ಲೀನರ್ ಆಗಿ ಸೇರಿ, ಹೆಡ್ ಮೆಕ್ಯಾನಿಕ್ ಆಗಿ ನಿವೃತ್ತರಾದರು. ಇಷ್ಟೆಲ್ಲ ಆದರೂ ಅವರ ಮನೆಯಂಗಳದಲ್ಲಿ ಒಂದು ಸೈಕಲ್ ಬಿಟ್ಟರೆ ಸ್ವಂತದ್ದೆನ್ನುವ ಗಾಡಿ ನಿಂತದ್ದಿಲ್ಲ. ಹಾಗಾಗಿ ಕಿರಿಯ ಮಗಳು ಅಕ್ಷಿತಾ ದುಬೈಯಲ್ಲಿ ತನ್ನ ದುಡಿಮೆಯಿಂದ ಒಂದು ಹಳೆಯ ಬಿಳಿ ಕಾರು ಕೊಂಡಾಗ, ಅದರ ಫೋಟೋವನ್ನು ಅವರು ಕ್ಷೌರದಂಗಡಿಯಲ್ಲಿ ಕೂತವರಿಗೂ ಬಿಡದೆ ತೋರಿಸಿದ್ದರು.

ಎರಡು ತಿಂಗಳ ವಿಸಿಟ್ ವೀಸಾದಲ್ಲಿ ಬರ್ ದುಬೈಯ ಅವಳ ಫ್ಲ್ಯಾಟಿಗೆ ಬಂದ ಮೇಲೆ ಅವರಿಗೆ ಮನವರಿಕೆಯಾದದ್ದು ಒಂದೇ: ಈ ಊರಿನಲ್ಲಿ ತನಗೆ ಯಾವುದೂ ಬರುವುದಿಲ್ಲ. ಮೆಟ್ರೋದ ಗೇಟಿಗೆ ಕಾರ್ಡು ಎಲ್ಲಿ ಒತ್ತಬೇಕೆಂದು ತಿಳಿಯದು, ಒಲೆ ಹೊತ್ತಿಸಲು ತಿಳಿಯದು, ನಲ್ಲಿಯನ್ನು ಯಾವ ಕಡೆ ತಿರುಗಿಸಿದರೆ ತಣ್ಣೀರು ಎಂಬುದೂ ದಿನಾ ಮರೆಯುತ್ತಿತ್ತು. ಅಕ್ಷಿತಾ ರೇಗುವವಳಲ್ಲ, ಎಲ್ಲವನ್ನೂ ನಗುತ್ತ ತಾನೇ ಮಾಡಿಕೊಡುತ್ತಿದ್ದಳು. ಮನೆ ಮನೆಗೆ ಹೋಗಿ ಮುದುಕರ ಕೈಕಾಲು ಆಡಿಸಿ ವ್ಯಾಯಾಮ ಮಾಡಿಸುವುದೇ ಅವಳ ಕೆಲಸ. ತಾನೂ ಅವಳ ಪಟ್ಟಿಯಲ್ಲಿ ಒಬ್ಬನಾದೆನೇ ಎಂದು ತುಕ್ರಣ್ಣನಿಗೆ ಒಳಗೊಳಗೇ ಚುಚ್ಚುತ್ತಿತ್ತು. ಒಂದೇ ಒಂದು ವಿಷಯದಲ್ಲಿ ಮಾತ್ರ ಅವಳು ಅವರನ್ನು ಕೇಳುತ್ತಿದ್ದಳು. ಬಂದ ವಾರವೇ ಕಾರಿನೊಳಗೆ ಏನೋ ಕಿರುಗುಟ್ಟಿದಾಗ ಬೆಲ್ಟು ಎಂದು ಅವರು ಸದ್ದು ಕೇಳಿಯೇ ಹೇಳಿದ್ದರು, ಬೆಲ್ಟೇ ಆಗಿತ್ತು. ಅಂದಿನಿಂದ ಕಾರಿನ ವಿಷಯ ಬಂದರೆ ಅಪ್ಪನ ಮಾತೇ ಕಡೆಯ ಮಾತು. ಆ ಒಂದು ಮರ್ಯಾದೆಯ ಮೇಲೆ ತುಕ್ರಣ್ಣ ದುಬೈಯಲ್ಲಿ ದಿನ ತಳ್ಳುತ್ತಿದ್ದರು.

ಆಯುಧ ಪೂಜೆಯ ಬೆಳಿಗ್ಗೆ ಮಗಳು ಏಳುವ ಮೊದಲೇ ಅವರು ಒಂದು ಬಕೆಟ್ ನೀರು ಹಿಡಿದು ಪಾರ್ಕಿಂಗಿಗೆ ಇಳಿದರು. ಬಿಲ್ಡಿಂಗಿನ ವಾಚ್‌ಮನ್ ಓಡಿ ಬಂದು, ಇಲ್ಲಿ ಕಾರು ತೊಳೆದರೆ ದಂಡ ಬೀಳುತ್ತದೆ ಎಂದು ಹಿಂದಿಯಲ್ಲಿ ತಡೆದ. ಪೂಜೆಯ ದಿನ ಗಾಡಿ ತೊಳೆಯಬಾರದ ದೇಶವೂ ಒಂದು ದೇಶವೇ ಎಂದು ಗೊಣಗಿಕೊಂಡು, ಒದ್ದೆ ಬಟ್ಟೆಯಲ್ಲಿ ಒರೆಸಿ, ದೇವಸ್ಥಾನದ ಗಲ್ಲಿಯಿಂದ ತಂದ ಸೇವಂತಿಗೆ ಮುಡಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಹೊರಗೆ ಮಾಡಲಾಗದ ಸೇವೆಯನ್ನು ಒಳಗಾದರೂ ಮಾಡೋಣವೆಂದು ಬಾನೆಟ್ ಎತ್ತಿದರು. ಗಾಳಿ ಸೋಸುವ ಫಿಲ್ಟರನ್ನು ತೆಗೆದು ನೋಡಿದರೆ ಬರೀ ಕಾಗದದ ಮಡಿಕೆಗಳು, ಅದರ ತುಂಬ ಮರಳಿನ ಬಣ್ಣದ ಧೂಳು, ಎಣ್ಣೆಯ ಪಸೆಯೇ ಇಲ್ಲ. ಅವರ ಕಾಲದ ಬಸ್ಸುಗಳಲ್ಲಿ ಫಿಲ್ಟರಿನ ಅಡಿಗೆ ಬಟ್ಟಲು ತುಂಬ ಎಣ್ಣೆ ಇರುತ್ತಿತ್ತು, ಧೂಳೆಲ್ಲ ಅದಕ್ಕೆ ಅಂಟಿ ಇಂಜಿನ್ನಿಗೆ ಶುದ್ಧ ಗಾಳಿ ಹೋಗುತ್ತಿತ್ತು. ಮಳೆ ಬೀಳುವ ನಾಡಿನ ಬಸ್ಸಿಗೇ ಅಷ್ಟು ಬೇಕಾದರೆ ಈ ಮರಳುಗಾಡಿನಲ್ಲಿ ಎಷ್ಟು ಬೇಡ? ಪೂಜೆಯ ದಿನ ಕರಿ ಎಣ್ಣೆ ಮುಟ್ಟಲು ಮನಸ್ಸಾಗದೆ, ಹೆಂಡತಿ ಅಮ್ಮಣ್ಣಿ ಗಾಣದಿಂದ ತರಿಸಿ ಕಟ್ಟಿಕೊಟ್ಟ ತೆಂಗಿನೆಣ್ಣೆಯನ್ನೇ ಮಡಿಕೆ ಮಡಿಕೆಗೆ ಇಳಿಯುವಂತೆ ಹೊಯ್ದು, ಫಿಲ್ಟರನ್ನು ಹಾಗೇ ಕೂರಿಸಿದರು. ಮಗಳಿಗೆ ಹೇಳಲಿಲ್ಲ. ಸೇವೆ ಮಾಡಿ ಡಂಗುರ ಸಾರುವುದು ಅವರ ಜಾಯಮಾನವಲ್ಲ.

ನವೆಂಬರಿನಲ್ಲಿ ಕಾರಿನ ಪಾಸಿಂಗ್ ಬಂತು. ವರ್ಷಕ್ಕೊಮ್ಮೆ ಗಾಡಿಯನ್ನು ತಪಾಸಣೆಗೆ ಒಡ್ಡಿ ಪಾಸು ಮಾಡಿಸದಿದ್ದರೆ ಅಲ್ಲಿ ರಿಜಿಸ್ಟ್ರೇಷನ್ ಮುಂದುವರಿಯುವುದಿಲ್ಲ. ಬ್ರೇಕು, ಟಯರು, ದೀಪ ಎಲ್ಲದರಲ್ಲೂ ಗೆದ್ದ ಕಾರು ಹೊಗೆಯಲ್ಲಿ ಬಿತ್ತು. ಹತ್ತಿರದ ಒಂದು ಗ್ಯಾರೇಜಿನವನು ಯಂತ್ರ ಸಿಕ್ಕಿಸಿ ನೋಡಿ, ಹೊಗೆ ಕೊಳವೆಯ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದು ಹೊಸದು ಹಾಕಿದ. ಎರಡನೆಯ ಸಲವೂ ಕಾರು ಬಿತ್ತು. ಹಾಗಾದರೆ ಇಂಜಿನ್ನೇ ಹೋಗಿದೆ, ಖಲಾಸ್, ಬಂದಷ್ಟಕ್ಕೆ ಮಾರಿಬಿಡಿ ಎಂದು ಕೈ ತೊಳೆದುಕೊಂಡ. ಅಕ್ಷಿತಾ ಹತ್ತು ದಿನದಿಂದ ಟ್ಯಾಕ್ಸಿಯಲ್ಲಿ ಓಡಾಡುತ್ತಿದ್ದಳು. ತುಕ್ರಣ್ಣನಿಗೋ ಊಟ ಸೇರುತ್ತಿರಲಿಲ್ಲ. ಆ ಸಂಕಟದಲ್ಲೂ ಅವರಿಗಿದ್ದ ಒಂದೇ ಸಮಾಧಾನವೆಂದರೆ, ಫಿಲ್ಟರಿನ ಕೆಲಸವನ್ನಾದರೂ ತಾನು ಚೊಕ್ಕವಾಗಿ ಮಾಡಿದ್ದೇನೆ ಎಂಬುದು. ಪಾಪ.

ಅಕ್ಷಿತಾಳ ಜೊತೆ ಕೆಲಸ ಮಾಡುವ ಜೋಯ್ಲಿನ್, ಮಾರುವ ಮೊದಲು ಅಲ್ ಕೂಜ್‌ನ ಕಜೆತಾನ್ ಅಂಕಲ್‌ಗೆ ಒಮ್ಮೆ ತೋರಿಸು ಎಂದಳು. ಕಜೆತಾನ್ ಉಡುಪಿ ಹತ್ತಿರದ ಶಿರ್ವದ ಕಡೆಯ ಕೊಂಕಣಿಯವರು, ಗೋದಾಮುಗಳ ನಡುವೆ ಒಂದು ಶಟರಿನ ವರ್ಕ್‌ಶಾಪ್ ಇಟ್ಟುಕೊಂಡು ಇಪ್ಪತ್ತೈದು ವರ್ಷವಾಗಿತ್ತು. ಶನಿವಾರ ಬೆಳಿಗ್ಗೆ ಅಪ್ಪ ಮಗಳು ಅಲ್ಲಿಗೆ ಹೋದರು. ಸಂಜೆ ಕಾರು ಕೊಳ್ಳುವವನಿಗೆ ಬರಲು ಹೇಳಿಯೂ ಆಗಿತ್ತು. ತುಕ್ರಣ್ಣ ಬಸ್ಸಿನ ಮೆಕ್ಯಾನಿಕ್ ಆಗಿದ್ದವರೆಂದು ತಿಳಿದದ್ದೇ ತಡ, ಕಜೆತಾನ್ ತುಳುವಿಗೆ ಹೊರಳಿ, ಅವರನ್ನು ಕುರ್ಚಿಯಲ್ಲಿ ಕೂರಲು ಬಿಡದೆ ಬಾನೆಟ್ಟಿನ ಪಕ್ಕಕ್ಕೇ ಕರೆದು ನಿಲ್ಲಿಸಿಕೊಂಡರು.

ಕಜೆತಾನರ ಕೆಲಸದ ರೀತಿಯೇ ಬೇರೆ. ಯಂತ್ರ ತೋರಿಸಿದ ದೋಷದ ನಂಬರನ್ನು ಅವರು ಕಾಗದದ ಮೇಲೆ ಬರೆದಿಟ್ಟು ಬದಿಗೆ ಸರಿಸಿದರು. ಹೊಗೆ ಕೊಳವೆಗೆ ಒಂದು ಕಡ್ಡಿ ತೂರಿಸಿ, ಇಂಜಿನ್ ಓಡುತ್ತಿರುವಾಗಲೇ ಪರದೆಯ ಮೇಲೆ ಏರಿಳಿಯುವ ಅಂಕಿಗಳನ್ನು ಕಾಲು ಗಂಟೆ ಸುಮ್ಮನೆ ನೋಡುತ್ತ ನಿಂತರು. ಆಮೇಲೆ ಅಕ್ಷಿತಾಳಿಗೆ ತಿಳಿಯಲೆಂದು ಮದುವೆ ಊಟದ ಲೆಕ್ಕದಲ್ಲಿ ಹೇಳಿದರು. ಬಾಗಿಲಲ್ಲಿ ನಿಂತು ಬರುವ ನೆಂಟರನ್ನು ಎಣಿಸುವವನೊಬ್ಬ, ಅವನ ಲೆಕ್ಕದ ಮೇಲೆ ಅಕ್ಕಿ ಬೇಯುತ್ತದೆ. ಎಲೆ ಎತ್ತುವಲ್ಲಿ ನಿಂತು, ಅನ್ನ ದಂಡವಾಯಿತು ಎಂದು ಕೂಗುವವನು ಇನ್ನೊಬ್ಬ. ಇಂಜಿನ್ನಿಗೆ ಬರುವ ಗಾಳಿಯನ್ನು ಎಣಿಸಲು ಕೂದಲಿನಷ್ಟು ಸಪೂರದ ಬಿಸಿ ತಂತಿಯೊಂದಿದೆ, ಅದರ ಲೆಕ್ಕ ನಂಬಿ ಪೆಟ್ರೋಲು ಬೀಳುತ್ತದೆ. ಮೊದಲಿನ ಗ್ಯಾರೇಜಿನವನು ಬದಲಿಸಿದ್ದು ಹೊಗೆ ಕೊಳವೆಯ ಸೆನ್ಸರನ್ನು, ಅಂದರೆ ಎಲೆಯ ಹತ್ತಿರ ಕೂಗುತ್ತಿದ್ದವನನ್ನು. ಅವನು ನಿಜವನ್ನೇ ಹೇಳುತ್ತಿದ್ದ. ಬಾಗಿಲಲ್ಲಿ ಎಣಿಸುವವನ ಕಣ್ಣಿಗೆ ಏನಾಗಿದೆ ಎಂದು ಯಾರೂ ನೋಡಲಿಲ್ಲ.

ಹೀಗೆಂದು ಕಜೆತಾನ್ ಆ ತಂತಿಯ ಸೆನ್ಸರನ್ನು ಬಿಚ್ಚಿ ಬೆಳಕಿಗೆ ಹಿಡಿದರು. ತಂತಿಯ ಮೇಲೆ ಕಂದು ಬಣ್ಣದ ಅಂಟು ಕೂತಿತ್ತು. ಅವರ ಕೈ ಫಿಲ್ಟರಿನ ಡಬ್ಬಿಯ ಕಡೆ ಹೋಯಿತು. ಫಿಲ್ಟರಿನ ಎಣ್ಣೆಯೇ ಗಾಳಿಯ ಜೊತೆ ಬಂದು ಆ ತಂತಿಗೆ ಅಂಟಿದೆ ಎಂದು ತುಕ್ರಣ್ಣನಿಗೆ ತಿಳಿದದ್ದು ಆ ಗಳಿಗೆಯಲ್ಲಿ. ಅವರು ಕಾರಿನ ಅಂಚನ್ನು ಹಿಡಿದುಕೊಂಡರು.

ಕಜೆತಾನ್ ಫಿಲ್ಟರನ್ನು ಹೊರತೆಗೆದು ಮೂಗಿನ ಹತ್ತಿರ ಹಿಡಿದರು. ಪಂಜಾಬಿನವನಿಗೋ ಪೇಶಾವರದವನಿಗೋ ಅದು ಏನೋ ಒಂದು ಜಿಡ್ಡಿನ ವಾಸನೆ. ಕರಾವಳಿಯಲ್ಲಿ ತಾಯಿಯ ಕೈಯಿಂದ ತಲೆಗೆ ಎಣ್ಣೆ ತಟ್ಟಿಸಿಕೊಂಡು ಬೆಳೆದವನಿಗೆ ಆ ವಾಸನೆಯನ್ನು ಎರಡನೆಯ ಸಲ ಮೂಸಬೇಕಾಗಿಲ್ಲ. ಅವರು ಫಿಲ್ಟರನ್ನು ನೋಡಿದರು, ಆಮೇಲೆ ತುಕ್ರಣ್ಣನ ಮುಖವನ್ನು ನೋಡಿದರು. ಏನೂ ಕೇಳದೆ ಅದನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಕಸದ ಡ್ರಮ್ಮಿಗೆ ಹಾಕಿಬಿಟ್ಟು, ಇಲ್ಲಿಯ ಧೂಳಿನಿಂದ ಹೀಗಾಗುತ್ತದೆ, ಸೆನ್ಸರ್ ತೊಳೆದು ಹೊಸ ಫಿಲ್ಟರ್ ಹಾಕಿದರೆ ಸರಿಹೋಗುತ್ತದೆ ಎಂದು ಅಕ್ಷಿತಾಳಿಗೆ ಹೇಳಿದರು.

ತುಕ್ರಣ್ಣನಿಗೆ ಹೋದ ಜೀವ ಬಂದಂತಾಯಿತು. ನಾಚಿಕೆಯೂ ಆಯಿತು, ಆದರೆ ಮೊದಲು ಆದದ್ದು ಸಮಾಧಾನವೇ. ಇನ್ನೊಂದು ವಾರದಲ್ಲಿ ಊರಿಗೆ ಹೋಗುವವನು ತಾನು, ಮಗಳ ಕಣ್ಣಲ್ಲಿ ಉಳಿದ ಒಂದು ಮರ್ಯಾದೆಯನ್ನು ಇಟ್ಟುಕೊಂಡೇ ವಿಮಾನ ಹತ್ತಬಹುದು. ಯಾವ ಜನ್ಮದ ಪುಣ್ಯಕ್ಕೆ ಈ ಶಿರ್ವದ ಮನುಷ್ಯ ಸಿಕ್ಕಿದನೋ ಎಂದುಕೊಂಡರು.

ಆದರೆ ಅಕ್ಷಿತಾಳ ಮುಖ ಅರಳಲಿಲ್ಲ. ಬರೀ ಧೂಳಿಗೆ ಹೀಗೆ ಮಲಗುವ ಗಾಡಿಯನ್ನು ನಂಬಿಕೊಂಡು ತಾನು ಕೆಲಸಕ್ಕೆ ಹೋಗುವುದು ಹೇಗೆ ಎಂದಳು. ಇವತ್ತು ಸರಿಹೋದರೂ ನಾಳೆ ಇನ್ನೊಂದು ಕೆಡುತ್ತದೆ, ಸಂಜೆ ಬರುವವನಿಗೆ ಕೊಟ್ಟುಬಿಡುವುದೇ ಸರಿ. ಫೋನನ್ನು ಕೈಗೆತ್ತಿಕೊಂಡು ಅಪ್ಪನ ಕಡೆ ತಿರುಗಿದಳು.

"ತಪ್ಪು ನಂದೇ ಅಪ್ಪ. ಕೊಳ್ಳುವಾಗ ನಿಮ್ಮನ್ನೊಂದು ಮಾತು ಕೇಳ್ಬೇಕಿತ್ತು. ನನಗೆ ಗಾಡಿ ಆರಿಸ್ಲಿಕ್ಕೆ ಗೊತ್ತಾಗ್ಲಿಲ್ಲ."

ಚಿಕ್ಕವಳಿದ್ದಾಗ ಲೆಕ್ಕ ತಪ್ಪಿ ಸ್ಲೇಟು ಒರೆಸುವಾಗಲೂ ಅವಳು ಹೀಗೇ ತುಟಿ ಬಿಗಿಹಿಡಿಯುತ್ತಿದ್ದಳು. ಹೊಸ ದೇಶದಲ್ಲಿ ಒಂಟಿಯಾಗಿ ಲೈಸೆನ್ಸ್ ಪಡೆದು, ಒಂಟಿಯಾಗಿ ಹತ್ತು ಕಾರು ನೋಡಿ, ಇದನ್ನೇ ಸರಿ ಎಂದು ಆರಿಸಿದ ಹುಡುಗಿ ಅದು. ಆರಿಸಿದ್ದೂ ಸರಿಯೇ ಇತ್ತು, ಆ ಇಂಜಿನ್ನಿನ ಸದ್ದನ್ನು ಮೊದಲ ದಿನ ಕೇಳಿದಾಗಲೇ ತುಕ್ರಣ್ಣನಿಗೆ ಅದು ಗೊತ್ತಾಗಿತ್ತು. ತನ್ನ ಮರ್ಯಾದೆ ಉಳಿಯಬೇಕಾದರೆ ಮಗಳು ಅವಳದೇ ಕಣ್ಣಲ್ಲಿ ಸಣ್ಣವಳಾಗಬೇಕು. ಇಷ್ಟು ಅರ್ಥವಾದ ಮೇಲೆ ಅವರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

"ಫೋನ್ ಇಡು ಮಗಳೇ. ಗಾಡಿಯದ್ದು ಎಂತ ತಪ್ಪೂ ಇಲ್ಲ, ನೀನು ಆರಿಸಿದ್ದೂ ತಪ್ಪಲ್ಲ. ಇವರು ನನ್ನ ಮರ್ಯಾದೆಗೆ ಅಂತ ಧೂಳು ಅಂದ್ರು. ಧೂಳಲ್ಲ ಅದು. ಆಯುಧ ಪೂಜೆಯ ದಿನ ಆ ಫಿಲ್ಟರಿಗೆ ನಾನು ತೆಂಗಿನೆಣ್ಣೆ ಹೊಯ್ದಿದ್ದೆ."

ಅಕ್ಷಿತಾ ಅಪ್ಪನನ್ನೇ ನೋಡಿದಳು. ಕಜೆತಾನ್ ಮಾಡಿನ ಫ್ಯಾನನ್ನು ನೋಡತೊಡಗಿದರು. ಎಷ್ಟು ಹೊಯ್ದಿರಿ ಎಂದು ಅವಳು ಬಹಳ ಮೆಲ್ಲಗೆ ಕೇಳಿದಳು. ಒಂದು ಲೋಟ ಎಂದು ತುಕ್ರಣ್ಣ ಉತ್ತರ ಕೊಟ್ಟರು. ಸುಳ್ಳು ಹೇಳಬಾರದೆಂದು ಹೊರಟ ಮೇಲೆ ಲೆಕ್ಕವನ್ನೂ ಸರಿಯಾಗಿಯೇ ಕೊಡಬೇಕಲ್ಲ ಎಂದು, ಲೋಟ ದೊಡ್ಡದು ಎಂಬುದನ್ನೂ ಸೇರಿಸಿದರು.

ಅವಳು ನಗಲಿಲ್ಲ. ಬಯ್ಯಲೂ ಇಲ್ಲ. ಶಟರಿನಾಚೆ ಹೋಗಿ, ಬಿಸಿಲಿನಲ್ಲಿ ಗೋದಾಮಿನ ಗೋಡೆಯ ಕಡೆ ಮುಖ ಮಾಡಿ ನಿಂತಳು. ತುಕ್ರಣ್ಣ ಮರದ ಸ್ಟೂಲಿನ ಮೇಲೆ ಕುಸಿದು ಕೂತರು. ಬಸ್ಸಿನ ಅಡಿಯಲ್ಲಿ ಜಾಕ್ ಜಾರಿ ಪಕ್ಕೆಲುಬು ಮುರಿದಾಗಲೂ ಅವರಿಗೆ ಇಷ್ಟು ನೋವಾಗಿರಲಿಲ್ಲ. ಮೂವತ್ತೆರಡು ವರ್ಷ ಕಲಿತದ್ದೆಲ್ಲ ಒಂದು ಲೋಟ ಎಣ್ಣೆಯಲ್ಲಿ ಮುಳುಗಿಹೋಯಿತು ಎನಿಸಿತು. ಕಜೆತಾನ್ ಸೆನ್ಸರಿಗೆ ಮದ್ದು ಚಿಮುಕಿಸಿ ತೊಳೆಯುತ್ತ, ತಾವು ಈ ಕೆಲಸಕ್ಕೆ ಹೊಸದಾಗಿ ಬಂದಾಗ ಪೆಟ್ರೋಲ್ ಗಾಡಿಗೆ ಡೀಸೆಲ್ ತುಂಬಿಸಿದ ಕಥೆ ಹೇಳಿದರು. ತುಕ್ರಣ್ಣ ಅದನ್ನು ಕೇಳಿಸಿಕೊಳ್ಳಲಿಲ್ಲ.

ಕಾರು ಮಧ್ಯಾಹ್ನ ಹೊಗೆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಯಿತು, ಸಂಜೆಯ ಗಿರಾಕಿಗೆ ಬರಬೇಡ ಎಂದು ಹೇಳಿದ್ದೂ ಆಯಿತು. ಅದನ್ನು ಎಳೆದು ಎಳೆದು ಹೇಳುವುದರಲ್ಲಿ ಏನೂ ಇಲ್ಲ. ಹೇಳಬೇಕಾದದ್ದು ಅದಕ್ಕೂ ಮೊದಲಿನದು.

ಅಕ್ಷಿತಾ ಒಳಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಕಜೆತಾನ್ ಸೆನ್ಸರನ್ನು ಅದರ ಜಾಗಕ್ಕೆ ಕೂರಿಸಿ, ಹೊಸ ಫಿಲ್ಟರಿನ ಪೊಟ್ಟಣವನ್ನು ಒಡೆಯುತ್ತಿದ್ದರು. ಅವಳು ಅದನ್ನು ಅವರ ಕೈಯಿಂದ ಕೇಳಿ ತೆಗೆದುಕೊಂಡು ಅಪ್ಪನ ಮುಂದೆ ಹಿಡಿದಳು.

"ನೀವೇ ಹಾಕಿ."

ಇಂಥ ಗಾಡಿ ತನಗೆ ತಿಳಿಯುವುದಿಲ್ಲ, ಕಜೆತಾನರೇ ಹಾಕಲಿ, ಮಾಡಿದ್ದು ಸಾಕು ಎಂದು ತುಕ್ರಣ್ಣ ಕೈಗಳನ್ನು ಹಿಂದಕ್ಕೆ ಎಳೆದುಕೊಂಡರು.

"ಹತ್ತು ದಿನದಿಂದ ನಾನು ಮೆಕ್ಯಾನಿಕ್ ಹುಡುಕ್ತಾ ಇದ್ದೇನೆ ಅಪ್ಪ. ತಮ್ಮ ತಪ್ಪನ್ನು ತಾವೇ ಒಪ್ಪಿಕೊಂಡವ್ರು ನೀವೊಬ್ರೇ. ನನಗೆ ಬೇರೆಯವ್ರು ಬೇಡ."

ತುಕ್ರಣ್ಣ ಎದ್ದರು. ಫಿಲ್ಟರನ್ನು ತೆಗೆದುಕೊಂಡು ಎರಡೂ ಬದಿ ತಿರುಗಿಸಿ ನೋಡಿದರು. ಇದಕ್ಕೆ ಎಣ್ಣೆ ಬೇಡವಲ್ಲ ಎಂದು ಕಜೆತಾನರನ್ನು ಮಕ್ಕಳ ಹಾಗೆ ಕೇಳಿದರು. ಬೇಡ ತುಕ್ರಣ್ಣ, ಒಣಗಿಯೇ ಇರಲಿ ಎಂದು ಅವರು ಅಷ್ಟೇ ಗಂಭೀರವಾಗಿ ಹೇಳಿದರು. ಫಿಲ್ಟರ್ ಡಬ್ಬಿಯೊಳಗೆ ಕೂತಿತು. ಮುಚ್ಚಳಕ್ಕೆ ನಾಲ್ಕು ಕ್ಲಿಪ್ಪು. ಮೂರು ಸುಲಭವಾಗಿ ಬಿದ್ದವು, ಇಂಜಿನ್ನಿನ ಹಿಂಬದಿಯ ಮೂಲೆಯಲ್ಲಿದ್ದ ನಾಲ್ಕನೆಯದು ಬೀಳಲೊಲ್ಲದು. ಅವರು ಹೆಬ್ಬೆರಳಿಟ್ಟು ಒತ್ತಿದರು. ಒಮ್ಮೆ ಜಾರಿತು, ಮತ್ತೊಮ್ಮೆ ಜಾರಿತು. ಅಕ್ಷಿತಾ ಅಭ್ಯಾಸಬಲದಿಂದ ಕೈ ಚಾಚಿದಳು, ಕ್ಲಿಪ್ಪಿನ ಹತ್ತಿರಕ್ಕೂ ಹೋಗಿತ್ತು ಆ ಕೈ. ಅಲ್ಲಿಂದ ಅದನ್ನು ಹಿಂದೆ ತೆಗೆದು, ಎರಡೂ ಕೈ ಕಟ್ಟಿಕೊಂಡು, ಅಪ್ಪನಿಗೆ ಬೇಕಾದಷ್ಟು ಹೊತ್ತು ಕಾಯುತ್ತ ನಿಂತಳು.