ಥಾಪಾ ಮನೆಯ ಗಣತಿ

ನೇಪಾಳದ ಗುಲ್ಮಿಯ ನಮ್ಮ ಬೆಟ್ಟದಲ್ಲಿ ಥಾಪಾ ಎಂದರೆ ಮೇಲ್ಜಾತಿಯ ಛೇತ್ರಿಯೂ ಇರಬಹುದು, ಬುಡಕಟ್ಟಿನ ಮಗರನೂ ಇರಬಹುದು. ಹೆಸರು ಕೇಳಿದ ಮೇಲೂ ಜಾತಿ ಕೇಳಲೇಬೇಕು. ಶಾಲೆಯಲ್ಲಿ ಪಾಠ ಹೇಳುವ ನನ್ನನ್ನು ಆ ವರ್ಷ ಜನಗಣತಿಗೆ ಹಾಕಿದ್ದರಿಂದ ಕೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ದಲಜಿತ್ ಥಾಪಾನ ಅಂಗಳಕ್ಕೆ ಹೋದಾಗ ಅವನ ಮಗಳು ರಮಿತಾಳನ್ನು ನೋಡಲು ಗಂಡೂ ಅವನ ಕಡೆಯವರೂ ಬಂದು ಕೂತಿದ್ದರು. ಗಂಡಿನ ದೊಡ್ಡಪ್ಪ ಕುಂವರ್, ಜನಿವಾರದ ಛೇತ್ರಿ, ಸೇಲ್ ರೊಟ್ಟಿಯನ್ನು ಮೊಸರಿಗೆ ಅದ್ದುತ್ತಿದ್ದ. ಆಮೇಲೆ ಬರೋಣವೆಂದು ತಿರುಗಿದೆ. ಅವನು ಬಿಡಲಿಲ್ಲ.

"ಕೂತ್ಕೊಳ್ಳಿ ಮಿಸ್, ಬರ್ಕೊಂಡು ಹೋಗಿ. ಏನು ಹೆಸರು?"

"ಧನಮಾಯಾ ಆಲೆ."

"ಓ, ಮಗರರವರು. ನಿಮ್ಮಲ್ಲಿ ಹಂದಿ ಕೂಗದೆ ಮದುವೆಯೇ ಸಾಗಲ್ವಂತೆ?"

"ಹಂದಿ ಕೂಗುತ್ತೆ, ಬೀಗರು ಬಾಯಿ ಮುಚ್ಕೊಂಡು ಉಣ್ತಾರೆ" ಎಂದೆ.

ಎಲ್ಲರೂ ನಕ್ಕರು. ದಲಜಿತ್ ಎಲ್ಲರಿಗಿಂತ ಜೋರಾಗಿ ನಕ್ಕ. ಅವನ ಹೆಸರು, ವಯಸ್ಸು ಬರೆದುಕೊಂಡು ಜಾತಿ ಕೇಳಿದೆ.

"ಛೇತ್ರಿ."

"ಪೂರ್ವಜರ ಭಾಷೆ?"

"ನೇಪಾಳಿ. ಬೇರೆ ಇನ್ನೇನಿರುತ್ತೆ?"

ಕಾರ್ತೀಕದ ಚಳಿಯಲ್ಲೂ ಅವನ ಹಣೆ ಒದ್ದೆಯಾಗಿತ್ತು. ಹೆಂಡತಿ ಖಿಮಾ ಚಹಾ ತಂದಿಟ್ಟಳು. "ಅತ್ತೇದೂ ಬರ್ಕೊಳ್ಳಿ ಮಿಸ್. ಮೈದುನ ತೀರ್ಕೊಂಡ ಮೇಲೆ ಹೋದ ತಿಂಗಳು ಇವರು ಮೊದಲ ಸಲ ಪಾಲ್ಪಾದಿಂದ ಕರ್ಕೊಂಡು ಬಂದ್ರು. ಪಾಪ, ಮೂಗಿ. ಮೂರು ದಿನದಿಂದ ಜ್ವರ ಬೇರೆ."

ಆಗಲೇ ಒಳಕೋಣೆಯಿಂದ ಒಡೆದ ದನಿ ಕೇಳಿತು. "ದಿ... ದಿ..."

ಕುಂವರನ ಕೈ ಬಟ್ಟಲಿನ ಮೇಲೆ ನಿಂತಿತು. "ಮೂಗಿ ಅಂದ್ರಲ್ಲ?"

"ಜ್ವರದ ಕನವರಿಕೆ" ಎಂದ ದಲಜಿತ್. ಕೂತಲ್ಲಿಂದ ಅಲ್ಲಾಡಲಿಲ್ಲ.

ದನಿ ಮತ್ತೆ ಬಂತು. ಈ ಸಲ ಪೂರಾ ಮಾತು. ತನ್ನ ಮಗನನ್ನು ಕರೆಯುತ್ತಿದ್ದಳು, ಗಂಟಲು ಒಣಗಿದೆ ಎನ್ನುತ್ತಿದ್ದಳು. ಅದು ನನ್ನ ಅಜ್ಜಿಯ ಭಾಷೆ, ಮಗರರ ಮಾತು. ದಿ ಎಂದರೆ ನೀರು. ಆ ಅಂಗಳದಲ್ಲಿ ಅದು ಇಬ್ಬರಿಗೇ ಗೊತ್ತಿತ್ತು. ದಲಜಿತ್ ನನ್ನ ಮುಖ ನೋಡಿದ. ನನಗೆ ಅರ್ಥವಾಯಿತೆಂದು ಅವನಿಗೂ ತಿಳಿಯಿತು. ಕಣ್ಣಲ್ಲೇ ಬೇಡಿಕೊಂಡ.

ನಾನು ನೀರು ಒಯ್ದರೆ ಅದು ಮಗರರ ಮಾತೆಂದು ಬಯಲಾಗಿ ಒಂದು ಮದುವೆ ಮುರಿಯುತ್ತದೆ. ಒಯ್ಯದಿದ್ದರೆ ಮುದುಕಿ ಬಾಯಾರಿ ಒದ್ದಾಡುತ್ತಾಳೆ. ಬಾಗಿಲಲ್ಲಿ ನಿಂತಿದ್ದ ರಮಿತಾ, "ಅಜ್ಜಿಗೆ ಏನೋ ಬೇಕಂತೆ ಅಪ್ಪಾ" ಎಂದಳು. ಒಳಗೆ ಏನೋ ಉರುಳಿಬಿದ್ದ ಸದ್ದಾಯಿತು.

ನಾನು ಪೆನ್ನು ಕೆಳಗಿಟ್ಟು ಏಳುವಷ್ಟರಲ್ಲಿ ಅವನೇ ಎದ್ದ. ಗಡಿಗೆಯಿಂದ ನೀರು ತುಂಬಿಕೊಂಡು ಒಳಗೆ ಹೋದ. ತಾಯಿಗೆ ಕುಡಿಸುತ್ತ ಅವಳ ಮಾತಲ್ಲೇ ಸಮಾಧಾನ ಹೇಳುವುದು ಹೊರಗಿನವರಿಗೆಲ್ಲ ಕೇಳಿಸುತ್ತಿತ್ತು. ದನಿ ತಗ್ಗಿಸಲಿಲ್ಲ.

ಕುಂವರ್ ಕೈ ತೊಳೆದುಕೊಂಡ. "ಹೊತ್ತಾಯ್ತು. ವಿಷಯ ಹೇಳಿ ಕಳಿಸ್ತೀವಿ" ಎಂದು ಮೆಟ್ಟಿಲು ಇಳಿದ. ಹುಡುಗ ಒಮ್ಮೆ ತಿರುಗಿ ನೋಡಿ ಅವನ ಹಿಂದೆಯೇ ಹೋದ.

ದಲಜಿತ್ ಹೊರಬಂದಾಗ ಖಿಮಾ ಚಹಾದ ಲೋಟಗಳ ನಡುವೆ ಕೂತಿದ್ದಳು. "ಹದಿನೇಳು ವರ್ಷಕ್ಕೆ ಈ ಊರಿಗೆ ಕೂಲಿಗೆ ಬಂದಾಗ ನಿಮ್ಮಪ್ಪ ಕೇಳಿದ್ರು, ಥಾಪಾ ಛೇತ್ರಿನಾ ಅಂತ" ಎಂದ ಅವನು ಹೆಂಡತಿಗೆ. "ಹೂಂ ಅಂದ್ಬಿಟ್ಟೆ."

"ಜಾತಿ ಸುಟ್ಟುಹೋಗ್ಲಿ" ಎಂದಳು ಖಿಮಾ. "ಬಾಯಿದ್ದ ತಾಯಿನ ಮೂಗಿ ಮಾಡಿದ್ರಿ. ಮೂರು ದಿನದಿಂದ ನಾನು ಪಕ್ಕದಲ್ಲೇ ಕೂತಿದ್ದೆ, ಅವರು ತುಟಿ ಕಚ್ಕೊಂಡೇ ಬಿದ್ದಿದ್ರು. ನೀರಿಗೆ ಅವರು ಅನ್ನೋ ಒಂದು ಪದ ನನಗೆ ಹೇಳ್ಕೊಡೋಕೆ ಆಗ್ಲಿಲ್ವಾ ನಿಮಗೆ?"

ಅವನು ನನ್ನ ಕಡೆ ತಿರುಗಿದ. ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆಯಲು ನನಗೆ ಹೇಳಿದ. ಮಗರ್ ಎಂದು ಬರೆದೆ.

ನಾಲ್ಕು ದಿನದ ಮೇಲೆ ಕುಂವರ್ ಮನೆಯಿಂದ ಬೇಡವೆಂದು ಹೇಳಿಕಳಿಸಿದರು. ಖಿಮಾ ಗಂಡನ ಜೊತೆ ಮಾತು ಬಿಟ್ಟಿದ್ದಳು. ಒಂದು ಬೆಳಿಗ್ಗೆ ಶಾಲೆಯ ಹತ್ತಿರ ನನ್ನನ್ನು ತಡೆದು, "ಅನ್ನಕ್ಕೆ ನಿಮ್ಮ ಮಾತಲ್ಲಿ ಏನಂತೀರಿ? ಹೊಟ್ಟೆನೋವಿಗೆ?" ಎಂದು ಕೇಳಿದಳು. ಹೇಳಿದೆ. ತಪ್ಪಿಲ್ಲದೆ ಬರುವವರೆಗೆ ಎರಡೆರಡು ಸಲ ಹೇಳಿಸಿಕೊಂಡು, ಮನೆಯ ಕಡೆ ಬಿರಬಿರನೆ ನಡೆದಳು.